ಮಕ್ಕಳ ಫ್ಲೂ ಲಸಿಕೆಯ ಖರ್ಚು ದಂಡವೇ?

ಗುಂಪಿನ ಎಲ್ಲರಿಗೂ ನಮಸ್ಕಾರ. ಮೂರು ದಿನ ಇದ್ದು ಹೋಗುವ ಜ್ವರಕ್ಕೆ ಪ್ರತಿ ವರ್ಷ ಲಸಿಕೆ ಹಾಕಿಸುವುದು ದಂಡವಲ್ಲವೇ ಎಂದು ಅತ್ತಿಗೆಯವರು ನಿನ್ನೆ ಕೇಳಿದ್ದರು. ನ್ಯಾಯವಾದ ಪ್ರಶ್ನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಖರ್ಚು ಇರುವುದು ನಿಜ. ಲಸಿಕೆಯ ಬೆಲೆಯ ಜೊತೆಗೆ ಅದನ್ನು ತಂಪಾಗಿ ಕಾಪಾಡುವ ವೆಚ್ಚ, ದಾದಿಯರ ಸಮಯ, ಮಗುವನ್ನು ಕರೆದೊಯ್ಯಲು ತಂದೆತಾಯಿ ಬಿಡುವ ಕೆಲಸ ಎಲ್ಲವೂ ಸೇರುತ್ತವೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಈ ಖರ್ಚು ವರ್ಷ ವರ್ಷವೂ ಬರುತ್ತದೆ. ಲಸಿಕೆಯು ಹರಡುತ್ತಿರುವ ತಳಿಗೆ ಚೆನ್ನಾಗಿ ಹೊಂದಿದ ವರ್ಷದಲ್ಲೂ ವೈದ್ಯರ ಬಳಿಗೆ ಹೋಗಬೇಕಾಗುವ ಅಪಾಯ ಸುಮಾರು ಶೇಕಡಾ 40ರಿಂದ 60ರಷ್ಟು ಮಾತ್ರ ತಗ್ಗುತ್ತದೆ. ಇದನ್ನು ಮುಚ್ಚಿಟ್ಟು ಲಸಿಕೆಯ ಪರವಾಗಿ ಮಾತನಾಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಲಾಭದ ಕಡೆ ನಾವು ವೈದ್ಯರ ಫೀಸು ಮತ್ತು ಔಷಧಿಯ ಬಿಲ್ಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಜ್ವರ ಇಳಿದ ಮೇಲೂ ಕೆಮ್ಮು ಮತ್ತು ಸುಸ್ತು ಉಳಿಯುತ್ತವೆ, ಕೆಲವು ಮಕ್ಕಳಿಗೆ ಕಿವಿಯ ಸೋಂಕು ಅಥವಾ ನ್ಯುಮೋನಿಯಾ ತಗಲುತ್ತದೆ. ಥರ್ಮಾಮೀಟರ್ ನೋಡುತ್ತಾ, ಹೊತ್ತು ಹೊತ್ತಿಗೆ ಸಿರಪ್ ಕುಡಿಸುತ್ತಾ ಮಗುವಿನ ಪಕ್ಕದಲ್ಲಿರಲು ಮನೆಯ ಒಬ್ಬರು ರಜೆ ಹಾಕಲೇಬೇಕು. ದಿನಗೂಲಿಯವರಿಗೆ ಆ ರಜೆಯೆಂದರೆ ಕೂಲಿಯೇ ಇಲ್ಲ. ಬಹಳ ಸಲ ಮುಂದಿನ ಸರದಿ ಆರೈಕೆ ಮಾಡಿದವರದೇ ಆಗಿರುತ್ತದೆ. ಆಸ್ಪತ್ರೆಯ ವೆಚ್ಚವನ್ನಷ್ಟೇ ಎಣಿಸಿದಾಗ ದುಬಾರಿಯಾಗಿ ತೋರುವ ಲಸಿಕೆ, ಹೀಗೆ ಕಳೆದುಹೋಗುವ ದುಡಿಮೆಯನ್ನೂ ಎಣಿಸಿದಾಗ ಉಳಿತಾಯವಾಗಿಯೇ ಕಾಣಬಹುದು.

ಇನ್ನೂ ದೊಡ್ಡ ಲಾಭ ಅಜ್ಜ ಅಜ್ಜಿಯರದು. ಒಂದು ವರ್ಷದಲ್ಲಿ ವಯಸ್ಕರಲ್ಲಿ ಶೇಕಡಾ 5ರಿಂದ 10 ಮಂದಿಗೆ ಫ್ಲೂ ತಗಲಿದರೆ ಮಕ್ಕಳಲ್ಲಿ ಅದು ಶೇಕಡಾ 20ರಿಂದ 30ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮಕ್ಕಳಿಂದ ಸೋಂಕು ಮನೆಯ ಹಿರಿಯರಿಗೂ ಹರಡುತ್ತದೆ, ಸಾವು ಹೆಚ್ಚಾಗಿ ಸಂಭವಿಸುವುದು ಮಾತ್ರ ವೃದ್ಧರಲ್ಲಿ. ಜಪಾನ್ 1962ರಿಂದ ಶಾಲಾ ಮಕ್ಕಳಿಗೆ ಈ ಲಸಿಕೆ ಹಾಕುತ್ತಿತ್ತು, 1994ರಲ್ಲಿ ಆ ಕಾರ್ಯಕ್ರಮವನ್ನು ಕೈಬಿಟ್ಟಿತು. ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದಾಗ ಒಂದು ಸಾವು ತಪ್ಪುತ್ತಿತ್ತು ಎಂದು 2001ರ ಒಂದು ಅಧ್ಯಯನ ಹೇಳಿತು. ಆ ಅಂಕಿಯ ಬಗ್ಗೆ ತಕರಾರುಗಳಿವೆ. ಆದರೆ ಕೆನಡಾದಲ್ಲಿ ಹಟರೈಟ್ ಎಂಬ, ಒಟ್ಟಾಗಿ ಬಾಳುವ ಕ್ರೈಸ್ತ ಸಮುದಾಯದ ಊರುಗಳಲ್ಲಿ 3ರಿಂದ 15 ವರ್ಷದವರಿಗೆ ಲಸಿಕೆ ಹಾಕಿ ನೋಡಿದ ಪ್ರಯೋಗ ಇನ್ನಷ್ಟು ಗಟ್ಟಿಯಾದದ್ದು. 2010ರಲ್ಲಿ ಪ್ರಕಟವಾದ ಅದರ ಪ್ರಕಾರ, ಲಸಿಕೆ ಪಡೆಯದೇ ಇದ್ದವರಿಗೂ ಶೇಕಡಾ 61ರಷ್ಟು ರಕ್ಷಣೆ ದೊರೆತಿತ್ತು. ಬ್ರಿಟನ್ನಿನ ಲಸಿಕೆ ಸಲಹಾ ಸಮಿತಿ 2012ರಲ್ಲಿ ಮಕ್ಕಳಿಗೆ ಮೂಗಿನ ಸ್ಪ್ರೇ ಲಸಿಕೆಯನ್ನು ಶಿಫಾರಸು ಮಾಡುವಾಗ ಈ ಪರೋಕ್ಷ ಲಾಭವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು.

ಲಾಭ ಎಲ್ಲರದೂ ಆಗಿರುವಾಗ ಖರ್ಚು ಮಗುವಿನ ತಂದೆತಾಯಿಯ ತಲೆಯ ಮೇಲೆ ಮಾತ್ರ ಬೀಳುವುದು ಅನ್ಯಾಯ. ಸರ್ಕಾರಗಳು ಒಟ್ಟಾಗಿ ಖರೀದಿಸಿ ಶಾಲೆಗಳಲ್ಲಿಯೇ ಹಾಕಿಸಿದರೆ ಪೋಷಕರ ಓಡಾಟವೂ ರಜೆಯೂ ಉಳಿಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲ ಮಕ್ಕಳಿಗೂ ಒಮ್ಮೆಲೇ ಹಾಕಿಸಲು ಕೈಯಲ್ಲಿ ಹಣವಿಲ್ಲದಿದ್ದರೆ ಆರು ತಿಂಗಳಿನಿಂದ ಐದು ವರ್ಷದೊಳಗಿನವರಿಗೆ ಮತ್ತು ಆಸ್ತಮಾ, ಹೃದಯದ ತೊಂದರೆ ಇರುವವರಿಗೆ ಮೊದಲು ಹಾಕಿಸಿ. ಒಂಬತ್ತು ವರ್ಷದೊಳಗಿನ ಮಗುವಿಗೆ ಇದೇ ಮೊದಲ ಸಲವಾದರೆ ಸಾಮಾನ್ಯವಾಗಿ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕಾಗುತ್ತದೆ. ರಕ್ಷಣೆ ಮೂಡಲು ಮತ್ತೆರಡು ವಾರ ಹಿಡಿಯುವುದರಿಂದ, ಫ್ಲೂ ಕಾಲ ಶುರುವಾಗುವುದಕ್ಕೆ ಕಡಿಮೆಯೆಂದರೂ ಆರು ವಾರ ಮೊದಲೇ ಮಕ್ಕಳ ವೈದ್ಯರನ್ನು ಕಾಣಿ, ಅತ್ತಿಗೆ.