ಫೋರ್ಟಿನ ಹಳೇ ಬಿಲ್ಡಿಂಗ್‌ಗಳಿಗೆ ಸರ್ಕಾರ-ಪ್ರೈವೇಟ್ ಪಾರ್ಟ್ನರ್‌ಶಿಪ್ ಅಂತಿದ್ದಾರೆ, ಪಗಡಿ ಅಂಗಡಿಯವರು ಎಂತ ಕೇಳ್ಬೇಕು?

ಕುಂದಾಪ್ರ ಟು ಫೋರ್ಟ್

ಎಲ್ರಿಗೂ ನಮಸ್ಕಾರ. ಮುಂಬೈನ ಫೋರ್ಟಲ್ಲಿ ನಮ್ದೊಂದು ಸಣ್ಣ ಹೋಟ್ಲುಂಟು, ಅಪ್ಪನ ಕಾಲದ್ದು, ಪಗಡಿ ಮೇಲೆ, ಅಂದ್ರೆ ಮೊದ್ಲೇ ಒಂದು ಮೊತ್ತ ಕೊಟ್ಟು ಆಮೇಲೆ ಚಿಲ್ಲರೆ ಬಾಡಿಗೆ ಕಟ್ಟೋ ಹಳೇ ಪದ್ಧತಿ. ಬಿಲ್ಡಿಂಗ್ 1940ಕ್ಕಿಂತ ಹಿಂದಿನದ್ದು, ರಿಪೇರಿಗೆ ಅಂತ ಸರ್ಕಾರಕ್ಕೆ ಸೆಸ್ ಅನ್ನೋ ತೆರಿಗೆ ಕಟ್ಟೋ ಬಿಲ್ಡಿಂಗು. ಮೆಟ್ಟಿಲ ಕೆಳಗೆ ರಿಪೇರಿಯವರು ಮರದ ಕಂಬ ಆಸರೆ ಕೊಟ್ಟು ಇದು ಟೆಂಪರರಿ ಅಂತ ಹೇಳಿ ಹೋದದ್ದು, ಈಗ್ಲೂ ಹಾಗೇ ಉಂಟು, ಸಿಲಿಂಡರ್ ತರೋ ಹುಡುಗ ಅದಕ್ಕೆ ತಾಗದ ಹಾಗೆ ಅಡ್ಡ ತಿರುಗಿ ಒಳಗೆ ಬರ್ಬೇಕು. ಜೋರು ಮಳೆ ಬಂದ್ರೆ ಮೇಲಿನ ಮಾಳಿಗೆಯವರು ನಿದ್ದೆ ಮಾಡಲ್ಲ.

ಈಗ ಒಬ್ಬ ಬಿಲ್ಡರ್ ಕಡೆಯವರು ಬಂದು ನಮ್ಮ ಗಲ್ಲಿ ಪೂರಾ ಒಟ್ಟಿಗೆ ಡೆವಲಪ್ ಮಾಡೋದು, ಮುನಿಸಿಪಾಲ್ಟಿ ರಸ್ತೆ ಗಟಾರ ನೋಡ್ಕೊಳ್ತದೆ, ನಾವು ಬಿಲ್ಡಿಂಗ್ ಕಟ್ತೇವೆ, ಫುಟ್‌ಪಾತು ಗಾರ್ಡನ್ ಎಲ್ಲ ಆಗ್ತದೆ, ಈ ಏರಿಯಾ ಮತ್ತೆ ಜೀವ ಬರ್ತದೆ ಅಂತ ಬಣ್ಣದ ಫೋಟೋ ತೋರಿಸಿ ಹೋದ್ರು. ಭಾನುವಾರ ಮೀಟಿಂಗ್. ಒಳ್ಳೇದಾದ್ರೆ ನನ್ನಷ್ಟು ಖುಷಿ ಪಡೋರು ಯಾರಿಲ್ಲ, ಸಂಜೆ ಏಳಕ್ಕೆ ಆಫೀಸು ಬಿಟ್ಟ ಮೇಲೆ ಈ ಕಡೆ ನರಪಿಳ್ಳೆ ಇರಲ್ಲ, ಎಷ್ಟೋ ಆಫೀಸು ಬಾಂದ್ರಾ ಕಡೆಯ ಹೊಸ ಆಫೀಸು ಏರಿಯಾ ಬಿಕೆಸಿಗೆ ಹೋಗಿ ಆಯ್ತು. ಆದ್ರೆ ಫೋಟೋದಲ್ಲಿ ನಮ್ಮ ಹೋಟ್ಲು ಎಲ್ಲಿ ಅಂತ ಕೇಳಿದ್ರೆ ಉತ್ತರ ಇಲ್ಲ. ಗೊತ್ತಿದ್ದವರು ಸ್ವಲ್ಪ ಹೇಳಿ, ಎಂತ ಕೇಳ್ಬೇಕು?

ಗಿರ್‌ಗಾಂವ್ ಮಾಸ್ತರ್

ಅಣ್ಣಾ, ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಪಾರ್ಟ್ನರ್‌ಶಿಪ್ ಅಂದ್ರೆ ಎಲ್ಲಾ ಒಂದೇ ಅಲ್ಲ, ಪ್ರೈವೇಟಿನವನಿಗೆ ದುಡ್ಡು ಎಲ್ಲಿಂದ ಹುಟ್ತದೆ ಅನ್ನೋದ್ರ ಮೇಲೆ ನಿಮ್ಮ ಗತಿ ನಿಂತಿದೆ.

ಇಲ್ಲಿ ಸರ್ಕಾರ ಬಿಲ್ಡರ್‌ಗೆ ಕ್ಯಾಶ್ ಕೊಡಲ್ಲ, ಎಫ್‌ಎಸ್‌ಐ ಕೊಡ್ತದೆ, ಅಂದ್ರೆ ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಹಕ್ಕು. ನಿಮಗೆ ಪುಕ್ಕಟೆ ಕಟ್ಟಿಕೊಟ್ಟು ಮಿಕ್ಕ ಜಾಗ ಅವನು ಮಾರ್ಕೊಳ್ತಾನೆ. ಒಂದೊಂದೇ ಸೆಸ್ ಬಿಲ್ಡಿಂಗ್ ಆದ್ರೆ ಮುಂಬೈ ಕಟ್ಟಡ ನಿಯಮದ 33(7), ಅದಕ್ಕೆ 51% ಬಾಡಿಗೆದಾರರ ಒಪ್ಪಿಗೆ ಸಾಕು. ಗಲ್ಲಿ ಪೂರಾ ಅಂದ್ರೆ 33(9), ಕ್ಲಸ್ಟರ್, ಅದಕ್ಕೆ ಕನಿಷ್ಠ 4,000 ಚದರ ಮೀಟರ್ ಜಾಗ ಬೇಕು. ಅವರು ಯಾವುದ್ರಲ್ಲಿ ಬರ್ತಿದ್ದಾರೆ ಅಂತ ಮೊದಲನೇ ಪ್ರಶ್ನೆ ಕೇಳಿ. ಅದ್ರ ಮೇಲೆ ಫೋರ್ಟು ಹೆರಿಟೇಜ್ ಏರಿಯಾ, 1995ರಿಂದ ರೂಲ್ಸ್ ಉಂಟು, ಎತ್ತರ ಮನಸ್ಸಿಗೆ ಬಂದ ಹಾಗೆ ಏರಿಸಕ್ಕಾಗಲ್ಲ. ಎತ್ತರ ಸಿಗದಿದ್ರೆ ಮಾರೋಕೆ ಫ್ಲ್ಯಾಟ್ ಕಮ್ಮಿ, ಆಗ ಅವನ ಲೆಕ್ಕ ಕೂಡೋದು ಹೇಗೆ, ಕಾಗದದ ಮೇಲೆ ತೋರಿಸ್ಲಿ. ಲೆಕ್ಕ ಕೂಡದ ಪ್ರಾಜೆಕ್ಟು ಅರ್ಧಕ್ಕೆ ನಿಲ್ತದೆ, ನಿಂತ ದಿನ ಮೊದಲು ಬಂದ್ ಆಗೋದು ನಿಮಗೆ ಕೊಡೋ ಟ್ರಾನ್ಸಿಟ್ ಬಾಡಿಗೆ, ಅಂದ್ರೆ ಕಟ್ಟಿ ಮುಗಿಯೋ ತನಕ ಬೇರೆ ಕಡೆ ಇರೋದಕ್ಕೆ ಕೊಡೋ ದುಡ್ಡು.

ಗೋರೆಗಾಂವ್ ಪತ್ರಾ ಚಾಳ್ ನೆನಪಿರ್ಬೇಕಲ್ಲ. 2008ರಲ್ಲಿ ಸರ್ಕಾರದ ಹೌಸಿಂಗ್ ಬೋರ್ಡು ಮ್ಹಾಡಾ, ಅಲ್ಲಿನ ಬಾಡಿಗೆದಾರರ ಸೊಸೈಟಿ, ಬಿಲ್ಡರ್ ಮೂವರೂ ಸೇರಿ ಅಗ್ರಿಮೆಂಟ್ ಮಾಡಿದ್ದು, 672 ಸಂಸಾರ. ಜನರ ಮನೆ ಕಟ್ಟೋದಕ್ಕೆ ಮುಂಚೆ ಎಫ್‌ಎಸ್‌ಐ ಬೇರೆ ಬಿಲ್ಡರ್‌ಗಳ ಕೈ ಸೇರಿತು ಅಂತ ಕೇಸಾಯ್ತು, ಕೊನೆಗೆ ಮ್ಹಾಡಾನೇ ವಾಪಸ್ ತಗೊಂಡು ಕಟ್ಬೇಕಾಯ್ತು. ಸರ್ಕಾರದ ಸಹಿ ಇದೆ ಅಂತ ಧೈರ್ಯ ಮಾಡೋರು ಇದನ್ನ ಒಂದ್ಸಲ ಓದ್ಬೇಕು.

ಪೇಠೇ ಮಂದಿ ಪುಣೆ

ಮಾಸ್ತರ್ ಹೇಳಿದ್ದು ಖರೆ ಐತ್ರಿ, ಆದ್ರ ಎಲ್ಲಾನೂ ಬಿಲ್ಡರ್ ದಾರೀನ ಹಿಡೀಬೇಕಂತ ಏನಿಲ್ಲ. ನಿಮ್ಮ ಮುಂಬೈನಾಗ ಭಾಯ್‌ಖಳಾ ಮ್ಯೂಸಿಯಂ ನೋಡ್ರಿ, ಭಾವು ದಾಜಿ ಲಾಡ್, 1872ರದ್ದು. 2003ರಾಗ ಮುನಿಸಿಪಾಲ್ಟಿ, ಹಳೇ ಕಟ್ಟಡ ಕಾಪಾಡೂ ಇನ್‌ಟ್ಯಾಕ್ ಸಂಸ್ಥೆ, ಜಮನಾಲಾಲ್ ಬಜಾಜ್ ಫೌಂಡೇಶನ್ ಕೂಡಿ ಒಪ್ಪಂದ ಮಾಡ್ಕೊಂಡ್ರು, 2005ರಾಗ ಯುನೆಸ್ಕೋ ಪ್ರಶಸ್ತಿ ಬಂತು, 2008ಕ್ಕ ಮತ್ತ ಬಾಗಿಲಾ ತೆಗೀತು. ಆಸ್ತಿ ಮುನಿಸಿಪಾಲ್ಟಿದ್ದ ಉಳೀತು, ಯಾರಿಗೂ ಒಂದು ಇಂಚು ಎಫ್‌ಎಸ್‌ಐ ಹೋಗ್ಲಿಲ್ಲ. ನಾ ಹೋದಾಗೆಲ್ಲ ಆ ಮೇಲ್ಛಾವಣಿ ಬಂಗಾರದ ಬಣ್ಣ ನೋಡ್ಕೋತ ನಿಂದರ್ತೀನಿ, ಹಿಂಗ ಮಾಡಬಹುದಲ್ಲ ಅಂತ ಅನಸ್ತದ.

ನ್ಯೂಯಾರ್ಕಿನ ಬ್ರಯಂಟ್ ಪಾರ್ಕೂ ಹಂಗ. ಊರ ನಡುವಿನ ದೊಡ್ಡ ಲೈಬ್ರರಿ ಹಿಂದಿನ ಪಾರ್ಕು, ಜನ ಕಾಲಿಡಾಕ ಹೆದರತಿದ್ರು. 1980ರಾಗ ಒಂದು ಪ್ರೈವೇಟ್ ಸಂಸ್ಥೆ ಹುಟ್ಟಿತು, 1988ಕ್ಕ ಪಾರ್ಕ್ ಮುಚ್ಚಿ ರಿಪೇರಿ ಮಾಡಿ 1992ಕ್ಕ ತೆರೆದ್ರು. ಜಾಗ ನಗರದ್ದು, ಸುತ್ತಮುತ್ತಲಿನ ಬಿಲ್ಡಿಂಗ್ ಮಾಲೀಕರು ವರ್ಷಾ ಜಾಸ್ತಿ ಪಟ್ಟಿ ಕಟ್ತಾರ, ಆ ರೊಕ್ಕದಾಗ ಕಸ, ಸೆಕ್ಯುರಿಟಿ, ಎತ್ತಿ ಎಲ್ಲಿ ಬೇಕಾದ್ರೂ ಇಟ್ಕೊಳ್ಳೋ ಕುರ್ಚಿ, ಎಲ್ಲಾ ನಡೀತದ. ಕಟ್ಟೂದು ಒಂದ್ಸಲದ ಕೆಲಸ, ದಿನಾ ಗುಡಿಸೂದು ಯಾರು ಅನ್ನೂದ ಮುಖ್ಯ. ನಮ್ಮ ಪುಣೆ ಪೇಠಿನಾಗೂ ವಾಡಾ, ಅಂದ್ರ ಹಳೇ ದೊಡ್ಡ ಮನಿ, ಕೆಡವಿ ಬಿಲ್ಡಿಂಗ್ ಆಗ್ಯಾವ, ಗಲ್ಲಿ ಮಾತ್ರ ಅಷ್ಟ ಸಣ್ಣದು, ಗಾಡಿ ನಿಲ್ಲಸಾಕ ಜಾಗಿಲ್ಲ.

ಲಾಲ್‌ಬಾಗ್ ಹುಡುಗಿ

ಮ್ಯೂಸಿಯಂ, ಪಾರ್ಕು ಎಲ್ಲ ಸರಿ ಸರ್, ಆದ್ರೆ ಅಲ್ಲಿ ಯಾರೂ ವಾಸ ಇರಲಿಲ್ಲ, ಯಾರೂ ಹೋಟ್ಲು ಇಟ್ಟಿರಲಿಲ್ಲ. ನಮ್ಮ ಮುಂಬೈ ಲಾಲ್‌ಬಾಗ್ ಕಡೆ ಆದದ್ದು ಹೇಳ್ತೀನಿ. 1991ರ ರೂಲ್ ಪ್ರಕಾರ ಹಳೇ ಬಟ್ಟೆ ಮಿಲ್‌ಗಳ ಜಾಗದಲ್ಲಿ ಮೂರನೇ ಒಂದು ಭಾಗ ಮುನಿಸಿಪಾಲ್ಟಿಗೆ, ಒಂದು ಭಾಗ ಮ್ಹಾಡಾಗೆ, ಉಳಿದದ್ದು ಮಾಲೀಕರಿಗೆ ಅಂತಿತ್ತು. 2001ರಲ್ಲಿ ತಿದ್ದುಪಡಿ ಮಾಡಿ ಖಾಲಿ ಇರೋ ಜಾಗಕ್ಕೆ ಮಾತ್ರ ಇದು ಲಾಗೂ ಅಂದ್ರು, ಮಿಲ್ ಕಟ್ಟಡ ನಿಂತಿದ್ದ ಜಾಗ ಲೆಕ್ಕದಿಂದ ಹೊರಗೆ ಹೋಯ್ತು, 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡೀತು. ಒಂದು ಸಾಲು ಬದಲಾಯಿಸಿದ್ದಕ್ಕೆ ನಮಗೆ ಸಿಗಬೇಕಿದ್ದ ಮೈದಾನ ಮಾಲ್ ಆಯ್ತು. ಮಿಲ್ಲಲ್ಲಿ ಕೆಲಸ ಮಾಡ್ತಿದ್ದವರ ಮಕ್ಕಳು ದೂರದ ವಿರಾರ್, ಬದ್ಲಾಪುರ ಸೇರ್ಕೊಂಡ್ರು. ಏರಿಯಾಗೆ ಜೀವ ಬಂತು ಅಂತ ಪೇಪರಲ್ಲಿ ಬರೀತಾರೆ, ಯಾರ ಜೀವ ಅಂತ ಕೇಳೋರಿಲ್ಲ. ನನಗೆ ಈ ವಿಷಯ ಬಂದ್ರೆ ಸಿಟ್ಟು ತಡೆಯೋಕಾಗಲ್ಲ.

ಗಿರ್‌ಗಾಂವ್ ಮಾಸ್ತರ್

ಸಿಟ್ಟು ನ್ಯಾಯವಾದದ್ದೇ ತಂಗಿ. ಅದಕ್ಕೇ ನಾನು ಭೇಂಡಿ ಬಜಾರ್ ನೋಡಿ ಬನ್ನಿ ಅಂತ ಹೇಳೋದು, ಅಲ್ಲಿ ಜನ ವಾಸ ಇದ್ದದ್ದೇ, ಅಂಗಡಿ ಇದ್ದದ್ದೇ. ಬೋಹ್ರಾ ಸಮಾಜದ ಟ್ರಸ್ಟು 2009ರಲ್ಲಿ ಶುರು ಮಾಡಿದ್ದು, 16.5 ಎಕರೆ, ಸುಮಾರು 250 ಬಿಲ್ಡಿಂಗು, 3,200 ಸಂಸಾರ, 1,250 ಅಂಗಡಿ. ಒಂದೇ ಸಮಾಜದ ಜನ ಜಾಸ್ತಿ, ಟ್ರಸ್ಟ್ ಮೇಲೆ ಭರವಸೆ ಇತ್ತು, ಲಾಭ ಮಾಡೋ ಆತುರ ಇರಲಿಲ್ಲ, ಆದ್ರೂ ಎಷ್ಟು ನಿಧಾನ ನೋಡಿ. 2017ರ ಆಗಸ್ಟಲ್ಲಿ ಆ ಪ್ರಾಜೆಕ್ಟ್ ಒಳಗೇ ಬರೋ ಹುಸೈನಿ ಬಿಲ್ಡಿಂಗ್ ಬಿದ್ದು 30ಕ್ಕೂ ಹೆಚ್ಚು ಜನ ಹೋದ್ರು. ಮೊದಲ ಟವರ್‌ಗಳಿಗೆ ಜನ ವಾಪಸ್ ಬಂದಾಗಿದೆ, ಪೂರ್ತಿ ಇನ್ನೂ ಮುಗಿದಿಲ್ಲ. ಕಾದು ಕೂತ್ರೂ ಅಪಾಯ, ಅವಸರ ಮಾಡಿದ್ರೂ ಅಪಾಯ, ಅದಕ್ಕೇ ಮೇಲಿನ ಮಾಳಿಗೆಯವರು ಸಹಿ ಹಾಕ್ತೇವೆ ಅಂದ್ರೆ ಅವರ ಮೇಲೆ ಬೇಜಾರು ಮಾಡ್ಕೋಬೇಡಿ.

ನಿಮಗೆ ಹೋಟ್ಲಿನ ವಿಷಯದಲ್ಲಿ ಒಂದು ಮಾತು. ಏರಿಯಾ ಎಷ್ಟು ಸ್ಕ್ವೇರ್ ಫೀಟ್ ಅಂತ ಮಾತ್ರ ನೋಡ್ಬೇಡಿ, ಗ್ರೌಂಡ್ ಫ್ಲೋರು, ರಸ್ತೆ ಮುಖ ಅಂತ ಬರೆಸಿ. ಎರಡನೇ ಮಾಳಿಗೆಯಲ್ಲಿ ಡಬ್ಬಲ್ ಜಾಗ ಕೊಟ್ರೂ ಸ್ಟ್ಯಾಂಡಿಂಗಲ್ಲಿ ಕಟಿಂಗ್ ಚಾ ಕುಡ್ದು ಹೋಗೋ ಗಿರಾಕಿ ಲಿಫ್ಟ್ ಹತ್ತಿ ಬರಲ್ಲ. ಮತ್ತೆ ಚಿಮಣಿ, ಬೆಳಿಗ್ಗೆ ಹಾಲಿನ ಗಾಡಿ ನಿಲ್ಲೋ ಜಾಗ, ಗ್ಯಾಸ್, ಇವೆಲ್ಲ ಪ್ಲಾನಲ್ಲೇ ಇರ್ಬೇಕು. ಆಮೇಲೆ ತಿಂಗಳ ಮೇಂಟೆನೆನ್ಸು, ಅದನ್ನ ಜನ ಮರೆತೇ ಬಿಡ್ತಾರೆ, ಪಗಡಿಯಲ್ಲಿ ಚಿಲ್ಲರೆ ಬಾಡಿಗೆ ಕಟ್ಟಿದವರಿಗೆ ಲಿಫ್ಟು, ವಾಚ್‌ಮನ್, ಪಂಪು ಅಂತ ಬಿಲ್ ಬಂದಾಗ ಕಟ್ಟೋಕಾಗದೆ ಮಾರಿ ಹೋಗೋದು.

ಕುಂದಾಪ್ರ ಟು ಫೋರ್ಟ್

ತುಂಬಾ ಉಪಕಾರ ಆಯ್ತು ಮಾರಾಯ್ರೆ. ಮೇಂಟೆನೆನ್ಸ್ ವಿಷಯ ನಮ್ಮಲ್ಲಿ ಒಬ್ಬರೂ ಎತ್ತಿರಲಿಲ್ಲ. ಮೇಲಿನ ಬಾಯಮ್ಮನತ್ರ ಮಾತಾಡಿದೆ, ಮೊಮ್ಮಗು ಉಂಟು, ಈ ಮಳೆಗಾಲಕ್ಕೆ ಮುಂಚೆ ಹೋಗ್ಲೇಬೇಕು ಅಂತಾರೆ, ಅವರದ್ದೂ ತಪ್ಪಿಲ್ಲ. ಹಾಗಾಗಿ ಬೇಡ ಅಂತ ಹೇಳೋದಿಲ್ಲ, ರಸ್ತೆ ಮುಖದ ಜಾಗ, ಟ್ರಾನ್ಸಿಟ್ ಬಾಡಿಗೆಗೆ ಬ್ಯಾಂಕ್ ಗ್ಯಾರಂಟಿ, ನಮ್ಮ ಬಿಲ್ಡಿಂಗ್ ಆಗದೆ ಮಾರಾಟದ ಬಿಲ್ಡಿಂಗ್ ಏಳಬಾರದು, ಇಷ್ಟು ಬರೆದು ಕೊಟ್ರೆ ಮಾತ್ರ ಸಹಿ ಅಂತ ಅಂಗಡಿಯವರೆಲ್ಲ ಸೇರಿ ಲೆಟರ್ ಮಾಡ್ತಿದ್ದೇವೆ.

ಲಾಲ್‌ಬಾಗ್ ಹುಡುಗಿ

ಲೆಟರ್ ಮರಾಠಿಯಲ್ಲೂ ಮಾಡ್ಸಿ ಅಣ್ಣ, ಒಂದು ಕಾಪಿ ಮ್ಹಾಡಾಗೆ, ಒಂದು ವಾರ್ಡ್ ಆಫೀಸಿಗೆ ಕೊಟ್ಟು ಲೆಟರ್ ತಲುಪಿತು ಅನ್ನೋ ಇನ್‌ವರ್ಡ್ ಸೀಲು ಹಾಕಿಸ್ಕೊಳ್ಳಿ. ಬೇಕಾದ್ರೆ ನಾನೇ ಟೈಪ್ ಮಾಡಿ ಕೊಡ್ತೀನಿ, ಶನಿವಾರ ರಜ ಇದೆ.