ಚಗಳಿ ಇರುವೆಯ ಚಿತ್ರ ತೆಗೆಯಲು ಮ್ಯಾಕ್ರೊ ಲೆನ್ಸ್ ಕೊಳ್ಳಲೇಬೇಕೇ?

ತೋಟದ ಮನೆ:
ನಮ್ಮದು ಸಿದ್ದಾಪುರದ ಕಡೆ ಅಡಿಕೆ ತೋಟ. ಅಂಚಿನ ಮಾವಿನ ಮರದಲ್ಲಿ ಚಗಳಿ ಇರುವೆಗಳು ಕೊಟ್ಟೆ, ಅಂದರೆ ಎಲೆಗೂಡು, ಕಟ್ಟುತ್ತಿವೆ. ಮರಿಹುಳುವನ್ನು ಬಾಯಲ್ಲಿ ಕಚ್ಚಿಕೊಂಡು, ಅದು ಬಿಡುವ ನೂಲಿನಿಂದ ಎಲೆಗಳನ್ನು ಬೆಸೆಯುತ್ತವಲ್ಲ, ಅದನ್ನು ತೆಗೆಯಬೇಕೆಂದು ಆಸೆ. ನನ್ನಲ್ಲಿರುವುದು ಹಳೆಯ ಕ್ಯಾನನ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾ, 18-55 ಮತ್ತು 55-250 ಎಂ.ಎಂ. ಲೆನ್ಸ್. ತಲೆಗೆ ಫೋಕಸ್ ಮಾಡಿದರೆ ಹೊಟ್ಟೆ ಮಸುಕು. ಅಪರ್ಚರ್, ಅಂದರೆ ಲೆನ್ಸ್‌ಗೆ ಬೆಳಕು ಬರುವ ಕಿಂಡಿ, ಕಿರಿದಾಗಿಸಿದರೆ ತೋಟದ ನೆರಳಿನಲ್ಲಿ ಎಲ್ಲವೂ ಕಪ್ಪು. ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಎಂ.ಎಂ. ಮ್ಯಾಕ್ರೊ ಲೆನ್ಸ್ ಬೇಕೇ ಬೇಕೆಂದು ಅಂಗಡಿಯವರು ಹೇಳುತ್ತಾರೆ. ಅಡಿಕೆ ದರ ನೋಡಿದರೆ ಕೊಳ್ಳಬಹುದು, ಮನೆಯವರ ಮುಖ ನೋಡಿದರೆ ಆಗದು. ನಿನ್ನೆ ತೆಗೆದದ್ದರಲ್ಲಿ ಸುಮಾರಾಗಿ ಬಂದ ಒಂದನ್ನು ಹಾಕಿದ್ದೇನೆ.

ಕೆರೆ ಏರಿ:
ರಿವರ್ಸ್ ರಿಂಗ್ ತರಿಸಿ 18-55 ಅನ್ನು ಹಿಂದುಮುಂದಾಗಿ ಹಾಕಿ. ಅಗ್ಗದ ದಾರಿ. ಮೊದಲು ಲೆನ್ಸ್ ನೇರವಾಗಿರುವಾಗಲೇ ಅಪರ್ಚರ್ ಎಫ್/11 ಇಟ್ಟು, ಅಪರ್ಚರನ್ನು ಮುಂಚೆಯೇ ಕಿರಿದಾಗಿಸಿ ತೋರಿಸುವ ಡೆಪ್ತ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದೇ ಲೆನ್ಸ್ ಬಿಚ್ಚಿದರೆ ಅಪರ್ಚರ್ ಅಲ್ಲಿಯೇ ನಿಲ್ಲುತ್ತದೆ.

ನೆರಳು ಬೆಳಕು:
ರಿಂಗ್ ಅಗ್ಗ ನಿಜ, ಆದರೆ ಲೆನ್ಸ್ ಇರುವೆಯಿಂದ ನಾಲ್ಕೈದು ಸೆಂಟಿಮೀಟರ್‌ಗೇ ಬರಬೇಕು. ಸತ್ತ ದುಂಬಿಗಾದರೆ ಸರಿ. ಚಗಳಿಯ ಕೊಟ್ಟೆಯ ಮುಂದೆ ಅಷ್ಟು ಹತ್ತಿರ ಮುಖ ಒಡ್ಡುವವರು ಧೈರ್ಯವಂತರು! ಅದು ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲವನ್ನೂ ಸಿಡಿಸುತ್ತದೆ.

ನಿಮ್ಮ 55-250ರ ಮುಂದೆ ರೇನಾಕ್ಸ್ ಡಿಸಿಆರ್-250 ಕ್ಲೋಸ್‌ಅಪ್ ಲೆನ್ಸ್ ಸಿಕ್ಕಿಸಿ. ಎಂಟು ಡಯಾಪ್ಟರ್‌ನದು, ಕನ್ನಡಕದ ಪವರ್ ಇದ್ದಂತೆ. ಫೋಕಸ್ ಅನಂತದಲ್ಲಿಟ್ಟರೆ 125 ಎಂ.ಎಂ.ನಲ್ಲಿ ಜೀವಗಾತ್ರ (ಸೆನ್ಸರ್ ಮೇಲೆ ಬೀಳುವ ಬಿಂಬ ಇರುವೆಯಷ್ಟೇ ದೊಡ್ಡದು), 250ರಲ್ಲಿ ಅದರ ಎರಡರಷ್ಟು. ಎರಡರಲ್ಲೂ ಸುಮಾರು 12 ಸೆಂಟಿಮೀಟರ್ ದೂರದಿಂದಲೇ ತೆಗೆಯಬಹುದು.

ಆದರೆ ನಿಮಗೆ ಮೊದಲು ಬೇಕಾದದ್ದು ಲೆನ್ಸ್ ಅಲ್ಲ, ಫ್ಲ್ಯಾಶ್. ಅಪರ್ಚರ್ ಕಿರಿದಾಗಿಸಿದಾಗಿನ ಕತ್ತಲೆಗೆ ಅದೇ ಮದ್ದು. ಜೀವಗಾತ್ರದಲ್ಲಿ, ಎಫ್/11ರಲ್ಲೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರ್‌ಗೂ ಕಡಿಮೆ. ಲಕ್ಷ ರೂಪಾಯಿಯ ಲೆನ್ಸ್ ತಂದರೂ ಅಷ್ಟೇ. ದೊಡ್ಡ ಚಗಳಿ ಎಂಟು ಹತ್ತು ಮಿಲಿಮೀಟರ್ ಉದ್ದ. ಎದುರಿನಿಂದ ತೆಗೆದರೆ ಹೊಟ್ಟೆ ಮಸುಕಾಗದೆ ಇನ್ನೇನಾದೀತು? ಪಕ್ಕದಿಂದ, ಮೈಯ ಉದ್ದಕ್ಕೂ ಕ್ಯಾಮೆರಾ ಸಮಾನಾಂತರವಾಗಿರಲಿ. ಶಟರ್ 1/160, ಐಎಸ್‌ಒ 200, ಮ್ಯಾನ್ಯುಯಲ್ ಫೋಕಸ್. ಫೋಕಸ್ ರಿಂಗ್ ತಿರುಗಿಸುತ್ತ ಕೂರದೆ ಮೈಯನ್ನೇ ತುಸು ಹಿಂದೆ ಮುಂದೆ ಓಲಾಡಿಸಿ. ಫ್ಲ್ಯಾಶ್‌ಗೆ ಟ್ರೇಸಿಂಗ್ ಕಾಗದದ ಅಗಲವಾದ ಮರೆ ಕಟ್ಟಿ, ಅದನ್ನು ಇರುವೆಗೆ ಆದಷ್ಟು ಹತ್ತಿರ ತನ್ನಿ. ಮರೆಯಿಲ್ಲದ ಫ್ಲ್ಯಾಶ್ ತಲೆಯ ಮೇಲೆ ಸುಣ್ಣದ ಬೊಟ್ಟು ಇಟ್ಟಂತೆ ಹೊಳೆಯುತ್ತದೆ.

ಇರುವೆಗಳು ಹೊಟ್ಟೆ ಎತ್ತಿ ನಿಂತರೆ ಸಿಟ್ಟಾಗಿವೆ ಎಂದರ್ಥ, ಹಿಂದೆ ಸರಿಯಿರಿ. ಮತ್ತೆ, ಹುಳಗಳನ್ನು ಫ್ರಿಜ್‌ನಲ್ಲಿಟ್ಟು ಮಂಪರು ಬರಿಸಿ ತೆಗೆಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬೆಳಗಿನ ಚಳಿ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ, ಇಬ್ಬನಿ ಹೊತ್ತು ಕೂತ ಏರೋಪ್ಲೇನ್ ಚಿಟ್ಟೆಗಳನ್ನು ನೋಡಿ.

ಎಂಟು ಕಾಲು:
ಲೆನ್ಸ್ ವಿಚಾರ ಆಮೇಲೆ. ನೀವು ಹಾಕಿದ ಚಿತ್ರದಲ್ಲಿರುವುದು ಇರುವೆಯೇ ಅಲ್ಲ! ಕಾಲು ಎಣಿಸಿ. ಮುಂದಿನ ಜೋಡಿಯನ್ನು ಮೀಸೆಯಂತೆ ಎತ್ತಿ ಆಡಿಸುತ್ತಿದೆ. ಚಗಳಿಯ ವೇಷ ಹಾಕಿದ ನೆಗೆಯುವ ಜೇಡ ಅದು. ಉದ್ದನೆಯ ದವಡೆ ಇರುವುದರಿಂದ ಗಂಡು. ಆ ದವಡೆಯಿಂದಾಗಿ ಇನ್ನೊಂದು ಇರುವೆಯನ್ನು ಹೊತ್ತಂತೆ ಕಾಣುತ್ತದೆ. ಮುಖದ ಮುಂದಿನ ಎರಡು ದೊಡ್ಡ ಕಣ್ಣುಗಳಿಗೆ ಫೋಕಸ್ ಮಾಡಿ.

ತೋಟದ ಮನೆ:
ಎಣಿಸಿದೆ, ಎಂಟೇ ಇವೆ! ಫ್ಲ್ಯಾಶ್ ಮತ್ತು ರೇನಾಕ್ಸ್ ತರಿಸುತ್ತೇನೆ. ಹೊರಗೆ ಮಳೆ ಬಿಟ್ಟಿದೆ, ಆ ಮರದ ಬುಡದಲ್ಲಿ ಇಂಬಳ ಬೇರೆ. ಸುಣ್ಣ ಹಚ್ಚಿಕೊಂಡು ಜೇಡ ಇನ್ನೂ ಇದೆಯೇ ನೋಡಿ ಬರುತ್ತೇನೆ.