‘ಬೇಸಿಗೆ ಅರಮನೆ’ಯೋ, ‘ಅರಸರ ತೋಟದ ಮನೆ’ಯೋ?

ಮಾನ್ಯರೇ,

ಅವ್ವನನ್ನು ಕರೆದುಕೊಂಡು ಧಾರವಾಡದಿಂದ ಶ್ರೀರಂಗಪಟ್ಟಣಕ್ಕೆ ಹೋಗಿದ್ದಾಗ ಮನಸ್ಸಿಗೆ ಹತ್ತಿದ ಒಂದು ಪದದ ವಿಚಾರವನ್ನು ತಮ್ಮ ಮುಂದಿಡುತ್ತಿದ್ದೇನೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಾವೇರಿಯ ಸಮೀಪ ಕಟ್ಟಿಸಿದ ದರಿಯಾ ದೌಲತ್ ಬಾಗನ್ನು ಕನ್ನಡದಲ್ಲಿ ಸಾಮಾನ್ಯವಾಗಿ ‘ಬೇಸಿಗೆ ಅರಮನೆ’ ಎನ್ನುತ್ತೇವೆ. ತೋಟದ ನಡುವಿನ ದಾರಿಯಲ್ಲಿ ನಡೆದು, ಎತ್ತರದ ಜಗಲಿಯನ್ನೇರಿ, ಚಿತ್ರಗಳಿಗೆ ಬಿಸಿಲು ತಾಗದಂತೆ ಸುತ್ತಲೂ ಇಳಿಬಿಟ್ಟ ಪರದೆಗಳ ಒಳಗೆ ಕಾಲಿಟ್ಟೊಡನೆ ಹೊರಗಿನ ಝಳ ಇಳಿದು, ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಆನೆ ಕುದುರೆಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು. ಬಣ್ಣ ಬಳಿದ ತೇಗದ ಕಂಬದ ಪಕ್ಕದಲ್ಲಿ ನಿಂತ ಅವ್ವ, “ಇದಕ್ಕ ಅರಮನಿ ಅಂತ ಯಾಕ ಅಂತಾರ? ತ್ವಾಟದ ಮನಿ ಇದ್ದಂಗ ಐತಲ್ಲ” ಎಂದಳು. ಅವಳ ತವರು ಹಾವೇರಿ ಕಡೆಯದು. ಅಲ್ಲಿ ತೋಟದ ಮನೆ ಎಂದರೆ ತೋಟ ಮೊದಲು, ಮನೆ ಆಮೇಲೆ.

‘ಬೇಸಿಗೆ’ಯ ಬಗ್ಗೆ ನನಗೆ ತಕರಾರಿಲ್ಲ. ಹಳಗನ್ನಡದ ‘ಬೇಸಗೆ’ಗೆ ‘ಬೇ’ ಎಂಬ ಧಾತುವೇ ಮೂಲವಾದ್ದರಿಂದ, ತಂಪಿಗಾಗಿ ಕಟ್ಟಿದ ಮನೆಗೆ ಬೇಯುವ ಕಾಲದ ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಬೇಸಿಗೆ ರಜೆ, ಬೇಸಿಗೆ ಬೆಳೆ ಎನ್ನುವಾಗ ಆ ಪದ ಕಾಲವನ್ನಷ್ಟೇ ಹೇಳುತ್ತದೆ. ನನ್ನನ್ನು ಕಾಡುತ್ತಿರುವುದು ‘ಅರಮನೆ’. ಅರಸನ ಮನೆಯೇ ಅರಮನೆಯಾಗಿರುವುದರಿಂದ ಅರ್ಥದ ಮಟ್ಟಿಗೆ ತಪ್ಪಿಲ್ಲ. ಆದರೂ ಇಂಗ್ಲಿಷಿನ ‘ಸಮ್ಮರ್ ಪ್ಯಾಲೇಸ್’ ಎಂಬುದರ ನೇರ ಅನುವಾದದಂತೆ ಕಾಣುವ ಈ ಜೋಡುಪದದಲ್ಲಿ ಕಟ್ಟಡವೇ ಎದ್ದು ನಿಂತು ತೋಟ ಕಾಣೆಯಾಗುತ್ತದೆ. ಮೂಲ ಹೆಸರಿನಲ್ಲಿ ಮಹಲಿನ ಮಾತೇ ಇಲ್ಲ, ಇರುವುದು ‘ಬಾಗ್’, ಅಂದರೆ ತೋಟ.

ಈ ಪಾರಸಿ ಪದವು ನಮ್ಮ ಭಾಗದವರಿಗೆ ಹೊಸದೇನಲ್ಲ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತೋಟದ ಜಮೀನಿಗೆ ‘ಬಾಗಾಯತ’ ಎಂದು ಓದುತ್ತೇವೆ, ಹುಬ್ಬಳ್ಳಿಯ ಪೇಟೆಯಲ್ಲಿ ಹಣ್ಣು ಮಾರುವ ಬಾಗವಾನರನ್ನು ಅದೇ ಹೆಸರಿನಿಂದ ಕರೆಯುತ್ತೇವೆ. ಬೆಂಗಳೂರಿನವರಿಗೂ ಲಾಲ್‌ಬಾಗ್ ಎಂಬ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಬಳಕೆಯಲ್ಲಿರುವ ಪದವನ್ನು ಬಿಟ್ಟು ನಾವು ‘ಅರಮನೆ’ಯನ್ನು ಹಿಡಿದದ್ದೇಕೆ?

ಇನ್ನೊಂದು ತೊಡಕೂ ಇದೆ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಹೈದರ್ ಅಲಿ ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ, ಸ್ವರ್ಗವೂ ಕರುಬುವಂಥದ್ದು ಎಂಬ ಅರ್ಥದ ‘ರಶ್ಕ್-ಎ-ಜನ್ನತ್’ ಎಂಬ ಬಿರುದು ಹೊತ್ತ ಕಟ್ಟಡಕ್ಕೂ ಇದೇ ಪದ. ಮೇಲಂತಸ್ತಿನ ಮೊಗಸಾಲೆಯಿಂದ ದರ್ಬಾರು ನಡೆಯುತ್ತಿದ್ದ ಆ ಕಟ್ಟಡಕ್ಕೆ ಅರಮನೆ ಎಂಬುದು ಒಪ್ಪುತ್ತದೆ. ಆದರೆ ವಿಜಯಪುರದ ಬಳಿಯ ಕುಮಟಗಿಯಲ್ಲಿ ಆದಿಲ್‌ಶಾಹಿ ಅರಸರು ಕಟ್ಟಿಸಿದ, ಕೊಳದ ನಡುವಿನ ಮಂಟಪ, ಕಾರಂಜಿ ಮತ್ತು ನೀರು ಸುರಿಯುವ ಕೊಳವೆಗಳಿಗೂ ಅದನ್ನೇ ಹೇಳಿದರೆ, ಕೇಳಿದವರು ಅಲ್ಲಿ ಹೋಗಿ ಇಲ್ಲದ ಅರಮನೆಯನ್ನು ಹುಡುಕಬೇಕಾಗುತ್ತದೆ.

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರ, ಜಲಕ್ರೀಡೆಗಳಿಗೆ ಜಾಗವಿರುವುದರಿಂದ, ಇಂಥ ತಾಣಕ್ಕೆ ನಮ್ಮ ಹಳೆಯ ಕವಿಗಳಲ್ಲಿ ಹೆಸರು ಸಿಗಬೇಕೆಂದು ನನ್ನ ನಿರೀಕ್ಷೆ. ‘ಧಾರಾಗೃಹ’ವು ನೀರು ಚಿಮ್ಮುವ ಮನೆಯಾದ್ದರಿಂದ ಕುಮಟಗಿಗೆ ಹತ್ತಿರವಾದೀತು, ಶ್ರೀರಂಗಪಟ್ಟಣಕ್ಕೆ ಹೊಂದುವುದಿಲ್ಲ. ‘ಕ್ರೀಡಾಗೃಹ’ ಎಂದರೆ ಇಂದಿನ ಓದುಗರಿಗೆ ಆಟೋಟದ ಕಟ್ಟಡ. ‘ವಿಹಾರ’ ಎಂದರೆ ಬೌದ್ಧರ ನೆನಪು. ‘ಉದ್ಯಾನಗೃಹ’ ಸರಿಯಾಗಿದೆ, ಆದರೆ ಮಾತಿನಲ್ಲಿ ಬಳಸುವಂಥದ್ದಲ್ಲ.

ಆದ್ದರಿಂದ ಅವ್ವನ ಮಾತನ್ನೇ ತುಸು ತಿದ್ದಿ ‘ಅರಸರ ತೋಟದ ಮನೆ’ ಎಂದು ಬರೆಯಬಹುದೇ ಎಂಬುದು ನನ್ನ ಪ್ರಶ್ನೆ. ಇದಕ್ಕೆ ಒಂದು ಆಕ್ಷೇಪ ನನಗೇ ಹೊಳೆಯುತ್ತದೆ: ಹಾವೇರಿ, ಸವಣೂರು ಕಡೆ ‘ತೋಟ’ ಎಂದರೆ ಅಡಿಕೆಯ ಇಲ್ಲವೆ ಎಲೆಬಳ್ಳಿಯ ತೋಟ, ಅಂದರೆ ದುಡಿಮೆಯ ನೆಲ, ಬಾಗ್ ಮುಖ್ಯವಾಗಿ ನೆರಳಿನ, ವಿಶ್ರಾಂತಿಯ ಜಾಗ. ‘ಹೂದೋಟ’ವೆಂದರೆ ಅದು ಮನೆಯ ಹಿತ್ತಿಲಷ್ಟು ಚಿಕ್ಕದಾಗುತ್ತದೆ. ‘ಬನದ ಮನೆ’ ಎಂಬ ರೂಪ ನನ್ನ ಕಿವಿಗೆ ಹಿತವಾಗಿದೆಯಾದರೂ ಅದನ್ನು ಯಾರ ಬಾಯಿಂದಲೂ ಕೇಳಿಲ್ಲ. ತಮ್ಮ ಊರುಗಳಲ್ಲಿ ದೇಸಾಯರ ವಾಡೆಯಿಂದ ದೂರ, ತೋಟದೊಳಗೆ ಬೇಸಿಗೆ ಕಳೆಯಲೆಂದೇ ಕಟ್ಟಿದ ಮನೆಗೆ ಹಿರಿಯರು ಯಾವ ಹೆಸರು ಹೇಳುತ್ತಿದ್ದರು? ಆ ಪದವನ್ನು ಊರಿನ ಹೆಸರಿನೊಂದಿಗೆ, ಉಚ್ಚಾರಣೆ ಇದ್ದಂತೆಯೇ ಬರೆದು ತಿಳಿಸಬೇಕಾಗಿ ವಿನಂತಿ.